ಹುಳಿಯೋ ಹುಳುವೋ

ಮೊಟಕು ಮೇಸ್ತ್ರಿ ಹುಟ್ಟಿದಾಗಲೂ ಪೂರ್ತಿಯಾಗಿ ಅಳಲಿಲ್ಲವಂತೆ. "ಕುವ್" ಎಂದು ಒಮ್ಮೆ ದನಿ ತೆಗೆದು, ಮಿಕ್ಕದ್ದನ್ನು ನುಂಗಿಕೊಂಡು ಸುಮ್ಮನಾದನಂತೆ. ದಾದಿ ಅವನನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದಾಗ ಇನ್ನೊಂದು "ಕುವ್" ಬಂತೇ ಹೊರತು ಅದರ ಬಾಲ ಬರಲಿಲ್ಲ. "ಉಸಿರು ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಅಳು ಮಾತ್ರ ಮೊಟಕು" ಎಂದು ಅವಳು ಹೇಳಿದ ಮಾತೇ ಮುಂದೆ ಅವನ ಹೆಸರಾಗಿ ನಿಂತಿತು.

ನಮ್ಮ ಭಾಷೆಯ ಪದಗಳಿಗೆ ಕೊನೆಯಲ್ಲಿ ಒಂದು ಸ್ವರವಿರಬೇಕು. ಮನೆ, ಮರ, ನಾಯಿ, ಬಾಗಿಲು, ಯಾವುದನ್ನೇ ತೆಗೆದುಕೊಳ್ಳಿ, ಒಂದೊಂದಕ್ಕೂ ಒಂದೊಂದು ಬಾಲ. ಹೊರಗಿನಿಂದ ಬಂದ ಬಸ್ಸಿಗೂ ಪಂಪಿಗೂ ಕೂಡ ನಾವು ಒಂದು ಉಕಾರ ಕಟ್ಟಿಯೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಮಾತಿನ ಭರದಲ್ಲಿ ಆ ಬಾಲ ಎಲ್ಲರ ಬಾಯಿಂದಲೂ ಒಮ್ಮೊಮ್ಮೆ ಉದುರುವುದುಂಟು. ಮೇಸ್ತ್ರಿಯದು ಉದುರುವುದಲ್ಲ, ಅವನು ಅದನ್ನು ಗುಳಿಗೆಯಂತೆ ನುಂಗುತ್ತಿದ್ದ. ಊಟಕ್ಕೆ "ಊಟ್", ನೀರಿಗೆ "ನೀರ್", ಹಾಲಿಗೆ "ಹಾಲ್". ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಅವನ ಬಾಯಲ್ಲಿ ಹಲ್ಲೂ "ಹಲ್ಲ್", ಹಲ್ಲಿಯೂ "ಹಲ್ಲ್".

ಚಿಕ್ಕವನಿದ್ದಾಗ ಅವನ ಮೊದಲ ಹಾಲುಹಲ್ಲು ಬಿದ್ದದ್ದು ಅಡುಗೆಮನೆಯಲ್ಲಿ, ತಾಯಿಯ ಬೆನ್ನ ಹಿಂದೆ. "ಅಮ್ಮ್, ಹಲ್ಲ್ ಬಿತ್ತ್" ಎಂದ. ತಾಯಿ ಹಿಂದೆಮುಂದೆ ನೋಡದೆ ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿ ಹಿತ್ತಲ ಚರಂಡಿಗೆ ಸುರಿದು, ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ, ಸೂರನ್ನೆಲ್ಲ ಕೋಲಿನಿಂದ ತಡಕಿದಳು. ಅಂದು ಮನೆಮಂದಿಯೆಲ್ಲ ಬರಿಯ ಬ್ರೆಡ್ಡು ತಿಂದು ಮಲಗಿದರು. ಮಲಗುವ ಮುಂಚೆ ಮಗ ಬಾಯಿ ತೆರೆದು ಖಾಲಿ ಜಾಗ ತೋರಿಸಿದಾಗ ಅವನ ತಂದೆ, "ಇವನಿಗೆ ಮಾತು ಕಲಿಸೋದಕ್ಕಿಂತ ನಾವು ಕಿವಿ ಕಲಿಯೋದು ಸುಲಭ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅವನ ಮದುವೆ ಕೂಡ ಬಾಲವಿಲ್ಲದ ಮಾತಿನಿಂದಲೇ ಆದದ್ದು. ರೈಲು ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಒಂದು ಊರಿನ ಹೆಸರು ಹೇಳಿ ಗಾಡಿ ಕೇಳಿದ. ಅದೇ ತಲೆಯ, ಬೇರೆ ಬಾಲದ ಇನ್ನೊಂದು ಊರು ಎದುರು ದಿಕ್ಕಿನಲ್ಲಿತ್ತು. ಕಿಟಕಿಯೊಳಗಿನ ಹುಡುಗಿ ಅವನನ್ನು ಅಲ್ಲಿಗೆ ಕಳಿಸಿದಳು. ಅವನು ಹಿಂದಿರುಗಿ ಬಂದು ದೂರು ಹೇಳಿದ. ದೂರಿನ ಅರ್ಧವೂ ಅವಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲವಲ್ಲ ಎಂಬ ಕುತೂಹಲಕ್ಕೆ ಮತ್ತೆ ಕೇಳಿದಳು. ಹೀಗೆ ಕೇಳಿ ಕೇಳಿ ಮದುವೆಯಾಯಿತು. ಅವಳು ಅದೇ ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನೂ ಹೋಗುವುದನ್ನೂ ಧ್ವನಿವರ್ಧಕದಲ್ಲಿ ಹೇಳುವವಳಾದಳು. ಅವಳ ನಾಲಿಗೆಯಿಂದ ಒಂದು ಸ್ವರವೂ ಜಾರಿ ಬಿದ್ದದ್ದಿಲ್ಲ. ಅವನು ನುಂಗಿದ್ದನ್ನೆಲ್ಲ ಅವಳು ಊರಿಗೇ ಕೇಳುವಂತೆ ಹೊರಗೆ ಹಾಕುತ್ತಿದ್ದಳು. ಸಂಸಾರ ಸರಿತೂಗಿಕೊಂಡು ಹೋಯಿತು.

ಮೇಸ್ತ್ರಿಯ ಕೆಲಸ ಊರಾಚೆಯ ಉದ್ದನೆಯ ಬೂದು ಕಟ್ಟಡದಲ್ಲಿ. ವಿಕಿರಣ ಸೂಸುವ ಒಂದು ಬಗೆಯ ಕಲ್ಲು ಅಲ್ಲಿಗೆ ಬರುತ್ತಿತ್ತು. ಅದನ್ನು ಹಿಟ್ಟಿನಂತೆ ಬೀಸಿ, ನೀರಿನಲ್ಲಿ ಕಲಸಿ, ಆಳೆತ್ತರದ ತೊಟ್ಟಿಗಳಲ್ಲಿ ತುಂಬುತ್ತಿದ್ದರು. ಅದರೊಳಗೆ ವಿದ್ಯುತ್ ಸ್ಥಾವರಕ್ಕೆ ಬೇಕಾದ ಲೋಹವೂ ಜೊತೆಗೆ ಒಂದಿಷ್ಟು ನಿಕ್ಕಲ್ಲೂ ತಾಮ್ರವೂ ಇದ್ದವು. ಆದರೆ ಎಷ್ಟು ಕಡಿಮೆಯೆಂದರೆ, ಹಳೆಯ ಪದ್ಧತಿಯಲ್ಲಿ ಕಾಯಿಸಿ ಕುದಿಸಿ ತೆಗೆಯಹೋದರೆ ಶ್ರಮವೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಅದಕ್ಕೆಂದೇ ಆ ಕೆಲಸವನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಒಪ್ಪಿಸಿದ್ದರು. ಇವು ಕಬ್ಬಿಣ ಮತ್ತು ಗಂಧಕವನ್ನೇ ಉಂಡು ಬದುಕುವ ಜಾತಿ. ಅವು ಉಂಡಂತೆಲ್ಲ ತೊಟ್ಟಿಯ ತಿಳಿಹಸಿರು ನೀರು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಆ ಕೆಂಪು ನೀರು ಕಲ್ಲಿನ ಸಂದಿಗೊಂದಿಯಲ್ಲಿ ಅವಿತು ಕುಳಿತ ಲೋಹವನ್ನು ಕರಗಿಸಿ ಹೊರಗೆ ಕರೆತರುತ್ತದೆ. ಇಷ್ಟು ದೊಡ್ಡ ಕೆಲಸ ಮಾಡುವ ಜೀವಿಗಳಿಗೆ ಪುಸ್ತಕದಲ್ಲಿ ಮಾರುದ್ದದ ಹೆಸರಿತ್ತು. ಕೆಲಸಗಾರರು ಅವುಗಳನ್ನು ಕರೆಯುತ್ತಿದ್ದದ್ದು ಹುಳು ಎಂದು.

ಈ ಹುಳುಗಳದು ವಿಚಿತ್ರ ನಾಲಿಗೆ. ನೀರು ಹುಳಿಯಾಗಿದ್ದರೆ ಮಾತ್ರ ಅವು ಬದುಕುತ್ತವೆ. ಆದ್ದರಿಂದ ತೊಟ್ಟಿಗೆ ಮೊದಲು ಗಂಧಕದ ಆಮ್ಲ ಬಿಡಬೇಕು. ಅದಕ್ಕೆ ಕೆಲಸಗಾರರ ಮಾತಿನಲ್ಲಿ ಹುಳಿ ಎಂದು ಹೆಸರು. ಹುಳಿ ಹದವಾದ ಮೇಲೆ ಹುಳು ಬಿಡಬೇಕು. ಹುಳಿ ಮಿತಿಮೀರಿದರೆ ಹುಳು ಸಾಯುತ್ತದೆ. ಮೊದಲು ಹುಳಿ, ಆಮೇಲೆ ಹುಳು. ಇವೆರಡೂ ಮೇಸ್ತ್ರಿಯ ಬಾಯಲ್ಲಿ ಏನಾಗುತ್ತಿದ್ದವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಕೂರುತ್ತಿದ್ದದ್ದು ತೊಟ್ಟಿಗಳ ಮೇಲಿನ ಗಾಜಿನ ಕೋಣೆಯಲ್ಲಿ. ನಲ್ಲಿಗಳೆಲ್ಲ ಇದ್ದದ್ದು ದಪ್ಪ ಗೋಡೆಯ ಆಚೆಗಿನ ಪಂಪುಮನೆಯಲ್ಲಿ. ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಬಟ್ಟೆ ಬದಲಿಸಬೇಕು, ಬೂಟು ಬದಲಿಸಬೇಕು, ಅಂಗೈ ಅಂಗಾಲುಗಳನ್ನು ಯಂತ್ರಕ್ಕೆ ತೋರಿಸಿ ಅದು ಹೂಂ ಎನ್ನುವವರೆಗೆ ನಿಲ್ಲಬೇಕು. ಒಂದು ಚೀಟಿಯನ್ನೂ ಈಚೆಯಿಂದ ಆಚೆಗೆ ಕಳಿಸುವಂತಿರಲಿಲ್ಲ. ಹಾಗಾಗಿ ಎಲ್ಲ ಅಪ್ಪಣೆಯೂ ಫೋನಿನಲ್ಲೇ ಹೋಗಬೇಕು.

ಪಂಪುಮನೆಯಲ್ಲಿ ನಲ್ಲಿ ತಿರುಗಿಸುತ್ತಿದ್ದವಳು ಪಂಪಿನಕ್ಕ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೇಸ್ತ್ರಿ "ಹುಳ್ ಹಾಕ್" ಎಂದು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದರೂ ಅವಳು ಒಮ್ಮೆಯೂ ತಪ್ಪಿದವಳಲ್ಲ. ಆಮ್ಲ ಬೇಕಾದಾಗ ಅವನ ದನಿ, ಅತ್ತೆ ಬಂದಿದ್ದಾರೆ ಎಂದು ಹೆಂಡತಿ ಹೇಳಿದಾಗ ಗಂಡನಿಗೆ ಬರುವ ದನಿ. ಜೀವಿಗಳನ್ನು ಬಿಡಬೇಕಾದಾಗ, ಮಗುವಿನ ಬಾಯಿಗೆ ತುತ್ತು ಇಡುವವನ ದನಿ. ಈ ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿಯೆಂದು ಅವಳಿಗೆ ತೋರಿಯೂ ಇರಲಿಲ್ಲ. ಮೇಸ್ತ್ರಿಗಂತೂ ತನ್ನ ಮಾತಿನಲ್ಲಿ ಅರ್ಥ ಮಾಡಿಕೊಳ್ಳಲಾಗದ್ದು ಏನಿದೆ ಎಂದೇ ಗೊತ್ತಿರಲಿಲ್ಲ.

ಅವನಿಗೆ ಆ ತೊಟ್ಟಿಗಳ ಮೇಲೆ ಪ್ರಾಣ. ಕೆಲಸಕ್ಕೆ ಬಂದಕೂಡಲೇ ಗಾಜಿಗೆ ಮೂಗು ಒತ್ತಿ, "ಉಂಡ್ರ್?" ಎಂದು ವಿಚಾರಿಸುತ್ತಿದ್ದ. ಹೆಂಡತಿಯ ಕಡೆಯವರಿಗೆ ಮಾತ್ರ ಅವನ ಕೆಲಸವೆಂದರೆ ವಿಕಿರಣವೊಂದೇ. ಒಮ್ಮೆ ಅತ್ತೆ ಬಂದಿದ್ದಾಗ ಕರೆಂಟು ಹೋಯಿತು. ಆಕೆ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮ್ಮನೆ ಕಾದಳು.

"ಏನಮ್ಮಾ, ಏನ್ ನೋಡ್ತಿದೀಯಾ?" ಎಂದಳು ಮಗಳು.

"ಆ ಕಲ್ಲಿನ ಕೆಲಸ ಮಾಡೋರು ಕತ್ತಲಲ್ಲಿ ಹೊಳೀತಾರೆ ಅಂದಿದ್ರಲ್ಲ ಪಕ್ಕದ ಮನೆಯವರು. ಇನ್ನೂ ಶುರುವಾಗಿಲ್ಲ."

ಹೀಗಿರುವಾಗ ಪಂಪಿನಕ್ಕ ತಂಗಿಯ ಬಾಣಂತನಕ್ಕೆಂದು ರಜೆ ಹಾಕಿ ಹೋದಳು. ಬದಲಿ ಆಳು ಸಿಗಲಿಲ್ಲ. ತೊಟ್ಟಿಗಳ ಉಸ್ತುವಾರಿಯ ವಿಜ್ಞಾನಿ ಮೇಡಂ ತಾವೇ ಪಂಪುಮನೆಯಲ್ಲಿ ನಿಂತರು. ಮೇಡಂ ಒಳ್ಳೆಯವರು, ಯಾರಿಗೂ ಗದರಿದವರಲ್ಲ. ಮೂರನೆಯ ತೊಟ್ಟಿಯಲ್ಲಿ ಹುಳಿ ಹದವಾಗಿ ಕೂತಿತ್ತು. ಮೇಸ್ತ್ರಿ ಫೋನೆತ್ತಿ ತನ್ನ ಮುದ್ದಿನ ದನಿಯಲ್ಲಿ, "ಮೂರಕ್ಕ್ ಇನ್ನೊಂದಿಷ್ಟ್ ಹುಳ್ ಹಾಕ್ಸ್ ಮೇಡಂ" ಎಂದ. ಮೇಡಂ ಕೇಳಿಸಿಕೊಂಡರು, ಯೋಚಿಸಿದರು, ಆಮ್ಲದ ನಲ್ಲಿ ತಿರುಗಿಸಿದರು.

ಮೂರನೆಯ ತೊಟ್ಟಿಯಲ್ಲಿ ಮೊದಲೇ ಇದ್ದ ಹುಳುಗಳೂ ಉಳಿಯಲಿಲ್ಲ. ಕೆಂಪು ನೀರು ಕೆಂಪಾಗಿಯೇ ಇತ್ತು, ಆದರೆ ಅದರೊಳಗೆ ಉಣ್ಣುವವರು ಯಾರೂ ಇರಲಿಲ್ಲ. ಮೇಸ್ತ್ರಿ ಗಾಜಿನ ಮುಂದೆ ಕೈಕಟ್ಟಿ, ತನ್ನ ಮನೆಯ ಸಾವಿಗೆ ನಿಂತವನಂತೆ ನಿಂತ.

ಮೇಡಂ ಅವನನ್ನು ಕರೆದು ಕೂರಿಸಿದರು. "ನಲ್ಲಿ ತಿರುಗಿಸಿದ್ದು ನಾನು. ಕೈ ನನ್ನದು, ಒಪ್ಕೋತೀನಿ. ಆದ್ರೆ ನಾಲಿಗೆ ನಿಮ್ಮದು."

"ನಾನ್ ಹುಳ್ ಅಂದ್, ಮೇಡಂ. ಹುಳ್ ಅನ್ಲಿಲ್ಲ್."

"ಈಗ ಎರಡು ಸಲ ಏನಂದ್ರಿ?"

"ಮೊದಲ್ನೇದ್ ಹುಳ್. ಎರಡ್ನೇದ್ ಹುಳ್."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: ನಾಲ್ಕನೆಯ ತೊಟ್ಟಿ ಹೊಸದು, ಅದಕ್ಕೆ ಹುಳು ಬಿಡುವ ದಿನ ತಾವು ಗಾಜಿನ ಕೋಣೆಯಲ್ಲಿ ಪಕ್ಕದಲ್ಲೇ ನಿಂತಿರುತ್ತಾರೆ. ಅಂದು ಮೇಸ್ತ್ರಿಯ ಬಾಯಿಂದ ಹುಳಿ ಬೇರೆ, ಹುಳು ಬೇರೆಯಾಗಿ ಬರಬೇಕು. ಬಾರದಿದ್ದರೆ ಅವನನ್ನು ಗೋಣಿಚೀಲದ ಉಗ್ರಾಣಕ್ಕೆ ಹಾಕುತ್ತಾರೆ. ಅಲ್ಲಿ ಮಾತಾಡುವ ಅಗತ್ಯವೇ ಇಲ್ಲ. ಜೊತೆಗೆ ರಜೆಯಲ್ಲಿದ್ದ ಪಂಪಿನಕ್ಕನಿಗೂ ಒಂದು ಅಪ್ಪಣೆ ಕಳಿಸಿದರು: ಇನ್ನು ಮೇಲೆ ಮೇಸ್ತ್ರಿಯ ಸ್ವಂತ ಬಾಯಿಂದ ಬಂದ ಮಾತಿಗೆ ಮಾತ್ರ ನಲ್ಲಿ ತಿರುಗಬೇಕು, ಮಧ್ಯೆ ಬೇರೆ ಯಾರು ಹೇಳಿದರೂ, ತಾವೇ ಹೇಳಿದರೂ, ಕೇಳಕೂಡದು.

ಉಗ್ರಾಣದಲ್ಲಿ ಗೋಣಿಚೀಲಗಳಿದ್ದವು, ಹಗ್ಗವಿತ್ತು, ಒಂದು ತಕ್ಕಡಿಯಿತ್ತು. ಉಣ್ಣುವ ಜೀವ ಒಂದೂ ಇರಲಿಲ್ಲ. ಮೇಸ್ತ್ರಿ ಮನೆಗೆ ಬಂದು ಊಟ ಬೇಡವೆಂದ. ಹೆಂಡತಿ ವಿಷಯ ತಿಳಿದುಕೊಂಡು, ತಟ್ಟೆಯನ್ನು ಅತ್ತ ಸರಿಸಿ, ಕನ್ನಡಿಯನ್ನು ಇತ್ತ ಸರಿಸಿದಳು.

"ಹುಳಿ, ಅನ್ನಿ."

"ಹುಳ್."

"ಕೊನೇಲಿ ಬಾಯಿ ಅಗಲ ಮಾಡಿ. ನಗೋ ತರ. ಹುಳಿ."

"ಹುಳ್."

"ನಗೋ ತರ ಅಂದೆ. ಹಲ್ಲುನೋವು ಬಂದಿರೋ ತರ ಅಲ್ಲ."

"ನಗ್ ಬರ್ತಿಲ್ಲ್."

"ನಿಮ್ಮ ಮುಖ ನೋಡಿ ನನಗೆ ಬರ್ತಿದೆ, ಅದನ್ನೇ ಸ್ವಲ್ಪ ಸಾಲ ತಗೊಳ್ಳಿ. ಆಯ್ತು, ಈಗ ಹುಳು. ಕೊನೇಲಿ ತುಟಿ ಗುಂಡಗೆ, ಶಿಳ್ಳೆ ಹೊಡೆಯೋ ತರ."

ಅವನು ನಿಜವಾಗಿಯೇ ಶಿಳ್ಳೆ ಹೊಡೆದ.

ಆದರೂ ಹೆಂಡತಿ ಬಿಡುವವಳಲ್ಲ. ಗಾಡಿ ತಡವಾದಾಗ ಒಂದೇ ಮಾತನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವುದೇ ಅವಳ ವೃತ್ತಿಯಾಗಿತ್ತು. ಇಕಾರಕ್ಕೆ ನಗು, ಉಕಾರಕ್ಕೆ ಶಿಳ್ಳೆ ಎಂದು ದಿನವೂ ತಿದ್ದಿದಳು. ಮೇಸ್ತ್ರಿ ಬಸ್ಸಿನಲ್ಲೂ ಅಭ್ಯಾಸ ಮಾಡಿದ. ಎದುರು ಸೀಟಿನ ಹೆಂಗಸು, ತನ್ನನ್ನು ನೋಡಿ ಒಮ್ಮೆ ನಗುವುದು, ಒಮ್ಮೆ ತುಟಿ ಮುಂದೆ ಮಾಡುವುದು ಮಾಡುತ್ತಿದ್ದ ಈ ನಡುವಯಸ್ಸಿನ ಗಂಡಸನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ಕೊಡೆಯನ್ನು ಮಡಿಲಿನಿಂದ ಕೈಗೆ ತೆಗೆದುಕೊಂಡಳು. ಮೇಸ್ತ್ರಿ ಮುಂದಿನ ನಿಲ್ದಾಣದಲ್ಲೇ ಇಳಿದು ನಡೆದು ಹೋದ.

ಕೊನೆಗೆ ಸ್ವರಗಳು ಬಂದವು. ಬಂದವು ಎಂದರೆ ಕಟ್ಟೆಯೊಡೆದು ಬಂದವು. ಎಷ್ಟೋ ಕಾಲದಿಂದ ನುಂಗಿಟ್ಟದ್ದೆಲ್ಲ ಒಟ್ಟಿಗೆ ಮೇಲೆ ಬಂದಂತಾಯಿತು. ಕಲಿಸಿದವಳು ರೈಲು ನಿಲ್ದಾಣದವಳಾದ್ದರಿಂದ ಅವಳ ರಾಗವೂ ಜೊತೆಗೇ ಅಂಟಿಕೊಂಡಿತು. ಒಂದು ದಿನ ಮೇಸ್ತ್ರಿ ಸ್ನಾನ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ದಯವಿಟ್ಟು ಗಮನಿಸಿ. ನನ್ನ ನೀಲಿ ಅಂಗಿಯು ಎಲ್ಲಿ ಇದೆ?" ಎಂದ.

ಹೆಂಡತಿಯ ಕಣ್ಣಲ್ಲಿ ನೀರು ಬಂತು. "ಹಗ್ಗದ ಮೇಲಿದೆ. ಒಣಗೋದು ಸ್ವಲ್ಪ ತಡವಾಗ್ತಿದೆ" ಎಂದಳು.

ನಾಲ್ಕನೆಯ ತೊಟ್ಟಿಯ ದಿನ ಬಂತು. ಪಂಪಿನಕ್ಕ ರಜೆ ಮುಗಿಸಿ ಅಂದೇ ಕೆಲಸಕ್ಕೆ ಹಾಜರಾಗಿದ್ದಳು. ಮೇಡಂ ಕಳಿಸಿದ ಅಪ್ಪಣೆ ಅವಳಿಗೆ ತಲುಪಿತ್ತು. ಮೇಸ್ತ್ರಿಗೆ ಸ್ವರ ಬಂದ ಸುದ್ದಿ ತಲುಪಿರಲಿಲ್ಲ. ತೊಟ್ಟಿಯಲ್ಲಿ ಹುಳಿಯನ್ನು ಹಿಂದಿನ ದಿನವೇ ಹದ ಮಾಡಿಯಾಗಿತ್ತು. ಹುಳುಗಳನ್ನು ಬೆಳೆಸಿ ಇಟ್ಟಿದ್ದ ಚಿಕ್ಕ ತಾಯಿತೊಟ್ಟಿ ಗಾಜಿನ ಕೋಣೆಯ ಕೆಳಗೇ ಇತ್ತು. ಮೂರನೆಯದು ಹಾಳಾದ ಮೇಲೆ ಕಟ್ಟಡದಲ್ಲಿ ಉಳಿದಿದ್ದ ಹೊಸ ಬೀಜವೆಂದರೆ ಅದೊಂದೇ. ತಳದಿಂದ ಗಾಳಿ ಗುಳುಗುಳು ಏಳುತ್ತಿತ್ತು. ಮೇಡಂ ಪಕ್ಕದಲ್ಲಿ ಕೈಕಟ್ಟಿ ನಿಂತರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

ಆಗ ಕೆಳಗೆ ಪಟ್ ಎಂದು ಸದ್ದಾಯಿತು. ತಾಯಿತೊಟ್ಟಿಗೆ ಗಾಳಿ ಊದುವ ಯಂತ್ರದ ಪಟ್ಟಿ ಹರಿದಿತ್ತು. ಅದರ ಗುಳುಗುಳು ನಿಂತುಹೋಯಿತು.

"ಬೇಗ" ಎಂದರು ಮೇಡಂ. "ಉಸಿರುಗಟ್ಟಿದ್ರೆ ಮತ್ತೆ ಏಳೋದು ಕಷ್ಟ. ನಾಲ್ಕರಲ್ಲಿ ಗಾಳಿ ಇದೆ, ಅಲ್ಲಿಗೆ ಬಿಡಿಸಿ."

ಮೇಸ್ತ್ರಿ ಫೋನೆತ್ತಿದ. ಗಾಬರಿಯಲ್ಲೂ ನಾಲಿಗೆ ಕಲಿತದ್ದನ್ನು ಮರೆಯಲಿಲ್ಲ. "ದಯವಿಟ್ಟು ಗಮನಿಸಿ. ನಾಲ್ಕನೆಯ ತೊಟ್ಟಿಗೆ ಹುಳುಗಳನ್ನು ಬಿಡುವುದು. ಹುಳುಗಳನ್ನು." ಕೊನೆಯ ಉಕಾರಕ್ಕೆ ತುಟಿ ಶಿಳ್ಳೆಯಷ್ಟು ಗುಂಡಗಾಯಿತು. ಮೇಡಂ ಮೆಚ್ಚಿ ತಲೆಯಾಡಿಸಿದರು.

ಆ ಕಡೆಯಿಂದ ಪಂಪಿನಕ್ಕ, "ರೈಲ್ವೆ ಸ್ಟೇಷನ್ನಾ? ರಾಂಗ್ ನಂಬರ್ರಿ. ನಾನು ಎಲ್ಲಿಗೂ ಹೋಗ್ತಿಲ್ಲ" ಎಂದು ಫೋನಿಟ್ಟಳು.

ಮೇಸ್ತ್ರಿ ಮತ್ತೆ ಮಾಡಿದ. "ನಾನು ಮೇಸ್ತ್ರಿಯು ಮಾತನಾಡುತ್ತಿದ್ದೇನೆ."

"ಹೌದಾ? ನಾನು ಮಹಾರಾಣಿ ಮಾತಾಡ್ತಿರೋದು. ಗೋಣಿ ಉಗ್ರಾಣದವರಲ್ವಾ ನೀವು? ಮಾಡೋಕೆ ಕೆಲಸ ಇಲ್ಲ ಅಂದ್ರೆ ಚೀಲ ಎಣಿಸ್ಕೊಳ್ರಪ್ಪ."

"ಅಲ್ಲ. ನಿಜವಾಗಿಯೂ ನಾನೇ."

"ನಮ್ಮ ಮೇಸ್ತ್ರಿ ಬಾಯಲ್ಲಿ 'ನಿಜವಾಗಿಯೂ' ಅನ್ನೋ ಮಾತು ಬರಬೇಕಂದ್ರೆ ಅರ್ಧ ದಿನ ಬೇಕು. ಸರಿ, ನೀವು ಅವರೇ ಆದ್ರೆ, ನಿಮ್ಮ ಹೆಂಡ್ತಿ ನಿಮ್ಮನ್ನ ಏನಂತ ಕರೀತಾರೆ ಹೇಳಿ ನೋಡೋಣ."

ಮೇಸ್ತ್ರಿ ಪಕ್ಕದಲ್ಲಿದ್ದ ಮೇಡಂ ಕಡೆ ನೋಡಿ ಕೆಂಪಾದ. "ಅದನ್ನು ದೂರವಾಣಿಯಲ್ಲಿ ತಿಳಿಸಲು ಸಾಧ್ಯವಾಗುವುದಿಲ್ಲ. ಅಡಚಣೆಗಾಗಿ ವಿಷಾದಿಸುತ್ತೇನೆ."

"ನೋಡಿದ್ರಾ, ಸ್ಟೇಷನ್ನೇ."

ಮೇಡಂ ಫೋನು ಕಿತ್ತುಕೊಂಡರು. "ಅಕ್ಕಾ, ನಾನು. ತಾಯಿತೊಟ್ಟಿ ನಲ್ಲಿ ತಿರುಗಿಸಿ, ಬೇಗ."

"ಮೇಡಂ ದನಿ ಚೆನ್ನಾಗೇ ತೆಗೀತೀರಪ್ಪ" ಎಂದಳು ಪಂಪಿನಕ್ಕ, ಮೆಚ್ಚುಗೆಯಿಂದಲೇ. "ಆದ್ರೆ ಮೇಡಮ್ಮೇ ಹೇಳಿ ಕಳಿಸಿದಾರೆ, ಮೇಡಂ ಹೇಳಿದ್ರೂ ಕೇಳಬೇಡ ಅಂತ. ನಾನು ಮೇಡಂ ಮಾತು ಮೀರೋಳಲ್ಲ."

ಮೇಡಂ, ತಾವು ಬಟ್ಟೆ ಬದಲಿಸಿ, ಅಂಗಾಲು ತೋರಿಸಿ ಗೋಡೆ ದಾಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಲೆಕ್ಕ ಹಾಕುತ್ತ, ಫೋನನ್ನು ಮೇಸ್ತ್ರಿಯ ಕೈಗೇ ತಿರುಗಿ ಕೊಟ್ಟರು. ಕೆಳಗೆ ತಾಯಿತೊಟ್ಟಿಯ ನೀರು ಹಾಸಿಗೆ ಹಿಡಿದವರಂತೆ ಅಲುಗಾಡದೆ ಮಲಗಿತ್ತು. ಅದರ ಮೇಲಿನ ನೊರೆ ಒಂದೊಂದಾಗಿ ಒಡೆಯುತ್ತಿತ್ತು.

ಆ ನೊರೆಯನ್ನು ನೋಡಿದ್ದೇ ತಡ, ಮೇಸ್ತ್ರಿಯ ತಲೆಯಿಂದ ಇಕಾರ, ಉಕಾರ, ಕನ್ನಡಿ, ಶಿಳ್ಳೆ, ಗೋಣಿಚೀಲ ಎಲ್ಲ ಹಾರಿಹೋದವು. "ಅಯ್ಯ್, ಉಸ್ರ್ ಕಟ್ತಿದ್ಯಲ್ಲ್ ಅಕ್ಕ್" ಎಂದ, ಅಳು ಬಂದ ದನಿಯಲ್ಲಿ. "ಹುಳ್ ಸಾಯ್ತವ್. ನಾಕಕ್ಕ್ ಹುಳ್ ಬಿಡ್, ತಾಯ್."

"ಹಾಂ, ಮೇಸ್ತ್ರೀನೇ" ಎಂದಳು ಪಂಪಿನಕ್ಕ. "ಮೊದಲೇ ನೆಟ್ಟಗೆ ಹೇಳೋಕೇನಾಗಿತ್ತು?"

ಗೋಡೆಯಾಚೆ ನಲ್ಲಿ ಕಿರುಗುಟ್ಟಿತು. ತಾಯಿತೊಟ್ಟಿಯ ಮಟ್ಟ ಇಳಿಯತೊಡಗಿತು. ನಾಲ್ಕನೆಯದರಲ್ಲಿ ಗುಳುಗುಳು ನೀರಿಗೆ ಕೆಂಚು ಬಣ್ಣದ ಎಳೆಯೊಂದು ಸುತ್ತಿಕೊಂಡು ಇಳಿಯಿತು. ಮೇಸ್ತ್ರಿ ಫೋನು ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದ. ಕುಸಿದ ಮೇಲೆ ಅವನಿಗೆ ನೆನಪಾಯಿತು, ತಾನು ಹೇಳಿದ್ದು ಹುಳ್ ಎಂದು. ಮೇಡಂ ಕೇಳಿಸಿಕೊಂಡರು ಎಂದು. ಕಲಿತದ್ದೆಲ್ಲ ನೀರುಪಾಲಾಯಿತು ಎಂದು.

"ಅವಳಿಗೆ ಹೇಗೆ ತಿಳೀತು, ಯಾವ ಹುಳ್ ಅಂತ?" ಎಂದು ಮೇಡಂ ಕೇಳಿದರು.

ಮೇಸ್ತ್ರಿಗೆ ಗೊತ್ತಿರಲಿಲ್ಲ. ಮೇಡಂ ಪಂಪಿನಕ್ಕನನ್ನೇ ಕೇಳಿದರು. ಈ ಸಲ ಅವಳು ಮೇಡಂ ಎಂದು ನಂಬಿದಳು. ಅವರ ದನಿಯ ಹಿಂದೆ ಮೇಸ್ತ್ರಿ ಮೂಗೆಳೆಯುವುದು ಕೇಳಿಸುತ್ತಿತ್ತಂತೆ. "ಅದರಲ್ಲೇನಿದೆ ಮೇಡಂ, ಆಸಿಡ್ಡಿಗೋಸ್ಕರ ಯಾರಾದ್ರೂ ತಾಯಿ ಅಂತ ಬೇಡ್ಕೋತಾರಾ?" ಎಂದಳು.

"ನೀರು ಕೆಂಪಾಗ್ಲಿ. ಆಮೇಲೆ ನೋಡೋಣ" ಎಂದಷ್ಟೇ ಹೇಳಿ ಮೇಡಂ ಹೋದರು.

ಆಮೇಲಿನ ದಿನಗಳಲ್ಲಿ ಮೇಸ್ತ್ರಿ ಗಾಜಿಗೆ ಮೂಗು ಒತ್ತಿದ ಗುರುತು ಒರೆಸಿದರೂ ಹೋಗದಂತಾಯಿತು. ನೀರು ತಿಳಿಹಸಿರಾಗಿಯೇ ಇತ್ತು. ಹೆಂಡತಿ ಬೆಳಿಗ್ಗೆ ಹೊರಡುವಾಗ "ಇವತ್ತು?" ಎನ್ನುವಳು; ಸಂಜೆ ಅವನು ಚಪ್ಪಲಿ ಬಿಡುತ್ತ "ಹಸ್ರ್" ಎನ್ನುವನು. ಅವಳು ತಿದ್ದುವುದನ್ನು ಬಿಟ್ಟಿದ್ದಳು. ಹುಳುಗಳು ಬದುಕಿವೆಯೋ ಇಲ್ಲವೋ ಎಂದು ತಿಳಿಯದೆ ಒಬ್ಬ ಮನುಷ್ಯ ಇಕಾರವನ್ನು ಹೇಗೆ ಅಭ್ಯಾಸ ಮಾಡಿಯಾನು ಎಂದು ಅವಳಿಗೂ ಅನ್ನಿಸಿತ್ತು.

ಒಂದು ಬೆಳಿಗ್ಗೆ ಅವನು ಗಾಜಿನ ಬಳಿ ಹೋದಾಗ ತೊಟ್ಟಿಯ ಒಂದು ಮೂಲೆಯಲ್ಲಿ ಹಸಿರು ಮಂಕಾದಂತಿತ್ತು. ಕಣ್ಣುಜ್ಜಿಕೊಂಡ. ಮಧ್ಯಾಹ್ನದ ಹೊತ್ತಿಗೆ ಅದು ಕಂದಾಯಿತು. ಹೊತ್ತಿಳಿಯುವಾಗ ತೊಟ್ಟಿಯೆಲ್ಲ ತುಕ್ಕು ಹಿಡಿದ ಹಳೆಯ ಗೇಟಿನ ಬಣ್ಣಕ್ಕೆ ತಿರುಗಿ, ಅವನ ಕಣ್ಣಿಗೆ ಅಷ್ಟು ಚೆಂದದ ಬಣ್ಣ ಇನ್ನೊಂದಿಲ್ಲವೆನ್ನಿಸಿತು. ಫೋನೆತ್ತಿದ.

"ಅಕ್ಕ್. ಕೆಂಪ್."

"ಯಾರಿಗೆ ಕೋಪ?"

"ನೀರ್."

ಈ ಸಲ ಮೂಗೆಳೆಯುವ ಸದ್ದು ಪಂಪಿನಕ್ಕನ ಕಡೆಯಿಂದ ಕೇಳಿಸಿತು.

ಮೇಡಂ ಬಂದು ತೊಟ್ಟಿ ನೋಡಿದರು, ನೀರನ್ನು ಪರೀಕ್ಷೆಗೆ ಕಳಿಸಿದರು, ಲೋಹ ಇಳಿಯತೊಡಗಿದೆ ಎಂದು ಉತ್ತರ ಬಂದ ಮೇಲೆ ಗಾಜಿನ ಕೋಣೆಯಲ್ಲೇ ಕುಳಿತು ಮೇಸ್ತ್ರಿಯನ್ನು ಕರೆದರು. ಅವನು ಉಗ್ರಾಣದ ಬೀಗದಕೈ ಇಸಿದುಕೊಳ್ಳಲು ಬಂದವನಂತೆ ಅಂಗೈ ಒಡ್ಡಿಕೊಂಡು ನಿಂತ.

"ಕೈ ಇಳಿಸಿ" ಎಂದರು ಮೇಡಂ. "ನೀವು ಸರಿಯಾಗಿ ಮಾತಾಡಿದ್ರೆ ಇಲ್ಲಿ ಕೆಲಸ ನಿಲ್ಲುತ್ತೆ. ತಪ್ಪಾಗಿ ಮಾತಾಡಿದ್ರೆ ನಡೆಯುತ್ತೆ. ನಾನಿನ್ನು ಆ ಫೋನು ಮುಟ್ಟೋದಿಲ್ಲ. ನೀವು ಇಲ್ಲೇ ಇರಿ." ಸ್ವಲ್ಪ ತಡೆದು, "ಆದ್ರೂ ಪಂಪಿನಕ್ಕನಿಗೆ ಮತ್ತೆ ರಜೆ ಬೇಕಾದೀತು. ಇವತ್ತಿಂದ ಹುಳಿಗೆ ಹುಳಿ ಅನ್ನೋದು ಬೇಡ. ಆಮ್ಲ ಅನ್ನಿ. ಹೇಳಿ ನೋಡೋಣ."

"ಆಮ್ಲ್" ಎಂದ ಮೇಸ್ತ್ರಿ.

ಮೇಡಂ ಕಿವಿಯಲ್ಲಿ ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದರು. ಹುಳುವಿನ ಹತ್ತಿರಕ್ಕೂ ಅದು ಸುಳಿಯಲಿಲ್ಲ. "ಸಾಕು" ಎಂದು ತೃಪ್ತಿಯಿಂದ ಎದ್ದು, ಹೊಸ ಮಾತನ್ನು ಆಗಲೇ ಚಾಲ್ತಿಗೆ ತರಲು ಅವನಿಗೆ ಫೋನಿನ ಕಡೆ ಕೈ ತೋರಿಸಿದರು. ಮೂರನೆಯ ತೊಟ್ಟಿಯನ್ನು ಮತ್ತೆ ತೊಳೆದು ತುಂಬಿಸಿದ್ದರು. ಹುಳಿ ಬಿಡುವ ಸಮಯವೂ ಆಗಿತ್ತು.

"ಅಕ್ಕ್, ಮೂರಕ್ಕ್ ಆಮ್ಲ್ ಹಾಕ್" ಎಂದ ಮೇಸ್ತ್ರಿ.

ಪಂಪಿನಕ್ಕನ ದನಿ ಕೋಣೆಗೆಲ್ಲ ಕೇಳಿಸಿತು. "ಮೂರು ಜನಕ್ಕಾ ಮೇಸ್ತ್ರಿ? ಆಮ್ಲೆಟ್ಟು ಬೇಕಿದ್ರೆ ಕ್ಯಾಂಟೀನಿಗೆ ಫೋನ್ ಮಾಡಿ, ನನಗ್ಯಾಕೆ ಹೇಳ್ತೀರಾ."

ಮೇಡಂ ಎದ್ದವರು ಮತ್ತೆ ಕುಳಿತುಕೊಂಡರು.